ಹಳದಿ ಕಡ್ಡಿ

ಕರುವಿನ ಎರಡು ಮುಂಗಾಲು ಹೊರಗೆ ಬಂದಿದ್ದವು, ಅವುಗಳ ಮೇಲೆ ಮೂಗೂ ಕಂಡಿತ್ತು. ಹಣೆ ಮಾತ್ರ ಸಿಕ್ಕಿಹಾಕಿಕೊಂಡಿತ್ತು. ತಂಗಿ ತನ್ನ ಒಂದು ಕಾಲನ್ನು ಗೋಡೆಗೆ ಒತ್ತಿ, ಹಸು ತಿಣುಕಿದಾಗ ಎಳೆದಳು, ಅದು ಉಸಿರು ಬಿಟ್ಟಾಗ ತಾನೂ ಬಿಟ್ಟಳು. ಹೀಗೆ ಎಳೆದು ಬಿಟ್ಟು, ಎಳೆದು ಬಿಟ್ಟು, ಕೊನೆಗೊಮ್ಮೆ ಹಣೆ ದಾಟಿತು. ಉಳಿದದ್ದೆಲ್ಲ ಬಕೆಟ್ ನೀರು ಸುರಿದ ಹಾಗೆ ಅವಳ ಮಡಿಲಿಗೇ ಬಿತ್ತು. ಮೂಗಿನ ಲೋಳೆ ಒರೆಸಿದಳು, ಒಣಹುಲ್ಲಿನಿಂದ ಪಕ್ಕೆ ಉಜ್ಜಿದಳು, ಕರು ಸೀನಿತು. ಇನ್ನು ತಡೆಯಲಾಗಲಿಲ್ಲ. ಹಿಂಗಾಲು ಎತ್ತಿ ನೋಡಿದಳು.

ಗಂಡು.

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಅಣ್ಣ ಕತ್ತು ಚಾಚಿ ನೋಡಲೂ ಇಲ್ಲ. "ಮತ್ತೆ ಗಂಡಾ?" ಎಂದ. "ಏನು ಮಾಡೋಕಾಗುತ್ತೆ ಹೇಳು. ನಿನ್ನ ಹಣೆಬರಹ."

ತಂಗಿ ಕರುವಿನ ಮೈ ಉಜ್ಜುತ್ತಾ ಹೋದಳು. ಹಿಂದಿನ ಮೂರು ಸಲವೂ ಇದೇ ಬಾಗಿಲು, ಇದೇ ಮಾತು. ಮೊದಲನೆಯ ಸಲ ಅತ್ತಿದ್ದಳು. ಎರಡನೆಯ ಸಲ ಊಟ ಬಿಟ್ಟಿದ್ದಳು. ಮೂರನೆಯ ಸಲ ತನ್ನ ಕೈಗುಣವೇ ಸರಿಯಿಲ್ಲವೆಂದು ಬೈದುಕೊಂಡಿದ್ದಳು. ಈಗ ಅಳುವುದಕ್ಕೂ ಬೇಜಾರು.

ಆ ಹಸು ಅಪ್ಪನದು. ಅಪ್ಪ ಸಾಯುವಾಗ ಅದಿನ್ನೂ ಮಣಕ, ಒಂದು ಸಲವೂ ಗಬ್ಬವಾಗಿರಲಿಲ್ಲ. ಆದರೆ ಅದರ ತಾಯಿ, ಅಜ್ಜಿ ಎಲ್ಲ ಅಪ್ಪನ ಕೈಯಲ್ಲೇ ಬೆಳೆದವು. ಆ ತಳಿಯ ಹಾಲಿನ ಮಾತು ಸುತ್ತಲ ಡೇರಿಗಳಲ್ಲೆಲ್ಲ ಇತ್ತು. ಸಾಯುವ ಮುಂಚೆ ಅಪ್ಪ ಇಬ್ಬರನ್ನೂ ಕೂರಿಸಿಕೊಂಡು, ಅಮ್ಮನ ಮುಂದೆ, ಹೇಳಿದ್ದ: "ಇದನ್ನ ಪಾಲು ಮಾಡಬೇಡಿ. ಹಾಲೂ ಗಂಡು ಕರುವೂ ಮಗನಿಗೆ. ಹೆಣ್ಣು ಕರು ಹುಟ್ಟಿದ್ರೆ ಅದು ಮಗಳದು. ಅದನ್ನ ಹೊಡ್ಕೊಂಡು ಎಲ್ಲಿ ಬೇಕಾದ್ರೂ ಹೋಗಿ ಬದುಕ್ಲಿ." ಮದುವೆಯಾದ ಎರಡೇ ವರ್ಷಕ್ಕೆ ಬರಿಗೈಯಲ್ಲಿ ತವರಿಗೆ ವಾಪಸು ಬಂದ ಮಗಳಿಗೆ ಇದಕ್ಕಿಂತ ಒಳ್ಳೆಯ ಆಸ್ತಿ ಕೊಡುವುದು ಅಪ್ಪನಿಗೂ ಗೊತ್ತಿರಲಿಲ್ಲ.

ಹೋಗುವ ಜಾಗವೂ ಗೊತ್ತಾಗಿತ್ತು. ರಸ್ತೆಯ ಆಚೆ ತುದಿಯಲ್ಲಿ ರಿಟೈರಾದ ಟೀಚರಮ್ಮನ ಮನೆ. ಅವರಿಗೆ ಎರಡು ಹಸು, ಮಂಡಿನೋವು, ಬೇರೆ ಯಾರೂ ಇಲ್ಲ. "ನಿಮ್ಮಪ್ಪನ ತಳಿಯ ಒಂದು ಹೆಣ್ಣು ಕರು ತಗೊಂಡು ಬಾ, ಪಾಲುಗಾರಳಾಗಿ ಬಾ. ಹಿಂದಿನ ರೂಮು ನಿಂದು, ಹಾಲು ಇಬ್ಬರದೂ" ಎಂದಿದ್ದರು. ಬರಿಗೈಯಲ್ಲೂ ಬಾ ಅನ್ನುತ್ತಿದ್ದರೋ ಏನೋ, ಇವಳೇ ಒಲ್ಲೆ. ಗಂಡನ ಮನೆಗೆ ಬರಿಗೈಯಲ್ಲಿ ಹೋದೆ, ಬರಿಗೈಯಲ್ಲಿ ಬಂದೆ, ಮೂರನೇ ಸಲ ಬರಿಗೈಯಲ್ಲಿ ಯಾರ ಹೊಸ್ತಿಲನ್ನೂ ತುಳಿಯುವುದಿಲ್ಲ ಅನ್ನುವುದು ಅವಳ ಹಟ.

ಹಾಗಾಗಿ ಅಣ್ಣನ ಕೊಟ್ಟಿಗೆಯಲ್ಲೇ ಇದ್ದಳು. ಅಪ್ಪನ ಹಸುವಿನ ಜೊತೆ ಅವನವೇ ಏಳು. ಸಗಣಿ ಬಾಚುವುದು, ಕ್ಯಾನು ತೊಳೆಯುವುದು, ಹಾಲು ಕರೆಯುವುದು ಎಲ್ಲ ಅವಳೇ. ಸಂಬಳವಿಲ್ಲ, ಊಟವಿದೆ. ಹಸುಗಳಿಗೆ ಕಡ್ಡಿ ಹಾಕುವ ಕೆಲಸವನ್ನೂ ಅಣ್ಣ ಅವಳಿಗೇ ಕಲಿಸಿದ್ದ, ಹೊರಗಿನವನಿಗೆ ಕೊಡುವುದು ಉಳಿಯಲಿ ಎಂದು. ಅವಳ ಕೈ ಆ ಕೆಲಸಕ್ಕೇ ಹುಟ್ಟಿದ್ದು ಅನ್ನುವಷ್ಟು ಚೆನ್ನಾಗಿ ಕಲಿತಳು.

ಕಡ್ಡಿ ಎಂದರೆ ಹೋರಿಯ ಬೀಜ ತುಂಬಿದ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆ, ಬಾಲ್ ಪೆನ್ನಿನ ರೀಫಿಲ್ ಇದ್ದ ಹಾಗೆ. ಹಾಲಿನ ಕೋಣೆಯ ಮೂಲೆಯಲ್ಲಿ, ಹಿಮಕ್ಕಿಂತ ತಣ್ಣನೆಯ, ಹೊಗೆಯಾಡುವ ಗ್ಯಾಸು ತುಂಬಿದ ಡಬ್ಬದಲ್ಲಿ, ಕಲ್ಲಿಗಿಂತ ಗಟ್ಟಿಯಾಗಿ ಹೆಪ್ಪುಗಟ್ಟಿ ಕೂತಿರುತ್ತವೆ. ಹಸು ಬೆದೆಗೆ ಬಂದಾಗ ಇಕ್ಕಳದಲ್ಲಿ ಒಂದನ್ನು ಎತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ತುದಿ ಕತ್ತರಿಸಿ, ಉದ್ದನೆಯ ಉಕ್ಕಿನ ನಳಿಗೆಗೆ ಸೇರಿಸಿ ಗರ್ಭದ ಬಾಯಿಗೆ ಬಿಡಬೇಕು. ಅಣ್ಣ ಬಣ್ಣ ಹೇಳುತ್ತಿದ್ದ, ತಂಗಿ ಹಾಕುತ್ತಿದ್ದಳು. ಗುಲಾಬಿ ಎಂದರೆ ಹೆಣ್ಣು ಕರುವಿನ ಕಡ್ಡಿ. ಎಲ್ಲೋ ದೊಡ್ಡ ಯಂತ್ರದಲ್ಲಿ ಹೋರಿಯ ಬೀಜವನ್ನು ಜರಡಿ ಹಿಡಿದು, ಹೆಣ್ಣಾಗುವುದನ್ನೇ ಆರಿಸಿ ತುಂಬಿದ್ದು, ದುಬಾರಿ. ಅದು ಅಣ್ಣನ ಏಳು ಹಸುಗಳಿಗೆ.

"ಅಪ್ಪನ ಹಸುವಿಗೆ ಮಾತ್ರ ಹಳದಿ" ಎಂದು ಅಣ್ಣ ಮೊದಲನೆಯ ದಿನವೇ ಅಮ್ಮನ ಎದುರು ಹೇಳಿದ್ದ. "ಹಳದಿ ಅಂದ್ರೆ ಸಾದಾ. ಹೆಣ್ಣೂ ಆಗಬಹುದು, ಗಂಡೂ ಆಗಬಹುದು. ನಂಗೂ ಬೇಡ, ನಿಂಗೂ ಬೇಡ. ಮೇಲಿನವನು ಕೊಟ್ಟ ಹಾಗಾಗ್ಲಿ." ಎಷ್ಟು ನ್ಯಾಯದ ಮಾತು ನೋಡಿ. ಅಮ್ಮ ಹೌದು ಹೌದು ಎಂದು ತಲೆಯಾಡಿಸಿದ್ದಳು.

ಬಾಣಂತಿ ಹಸುವಿಗೆ ಬಿಸಿನೀರು ಕುಡಿಸಿ ತಂಗಿ ಅಂಗಳಕ್ಕೆ ಬಂದಳು. ಗೇಟಿನ ಹತ್ತಿರ ಕರು ದಲ್ಲಾಳಿಯ ವ್ಯಾನು ನಿಂತಿತ್ತು. ಗಂಡು ಕರುಗಳನ್ನು ಕೊಂಡು ಮಾಂಸದ ಕಾರ್ಖಾನೆಗೆ ಸಾಗಿಸುವವನು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಜಾಸ್ತಿ.

"ಹಸು ಈಯ್ತಾ? ನಂದೊಂದು ಹೋರಿ ಕರು ಇದೆಯಲ್ಲ ಇಲ್ಲಿ" ಎಂದ.

"ಈಗ ತಾನೇ ಬಿತ್ತು. ನಿಂಗೆ ಯಾರು ಹೇಳಿದ್ರು?"

"ಹೇಳೋದೇನು, ನಿಮ್ಮಣ್ಣ ಎರಡು ತಿಂಗಳ ಹಿಂದೇನೇ ಮಾತಾಡಿಬಿಟ್ಟಿದ್ದಾನೆ. ಗಂಡು ಕರು, ಇಷ್ಟು ಹೊತ್ತಿಗೆ ಬಾ ಅಂತ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋನು ನಿಮ್ಮಣ್ಣ. ಹೋದ ಸಲಾನೂ ಹಾಗೇ. ಅವನ ನಾಲಿಗೆ ಮೇಲೆ ಮಚ್ಚೆ ಇರಬೇಕು, ಹೇಳಿದ್ದೇ ಆಗುತ್ತೆ."

ದಲ್ಲಾಳಿ ನಕ್ಕ. ತಂಗಿಯೂ ನಗುವ ಹಾಗೆ ಬಾಯಿ ತೆರೆದಳು. ಎರಡು ತಿಂಗಳ ಹಿಂದೆ ಆ ಕರು ಹೊಟ್ಟೆಯೊಳಗಿತ್ತು. ಹೊಟ್ಟೆಯೊಳಗಿನದು ಹೋರಿಯೆಂದು ಅಣ್ಣನಿಗೆ ಕನಸು ಬಿತ್ತೇ? ಒಂದು ಸಲವಾದರೆ ಕನಸು ಅನ್ನಬಹುದು. ಕೈ ತೊಳೆಯಲು ನಲ್ಲಿಯ ಹತ್ತಿರ ಹೋದವಳು ನೀರು ಬಿಟ್ಟುಕೊಂಡು ಸುಮ್ಮನೆ ನಿಂತಳು.

ಆ ವಾರದಲ್ಲೇ ಡಬ್ಬಕ್ಕೆ ಗ್ಯಾಸು ತುಂಬಲು ಕಡ್ಡಿ ಕಂಪನಿಯವನು ಬಂದ. ಅಣ್ಣ ಮನೆಯಲ್ಲಿರಲಿಲ್ಲ. ತಂಗಿ ಡಬ್ಬದ ಮುಚ್ಚಳ ಹಿಡಿದುಕೊಂಡು, ಹಾಲಿನ ಲೋಟ ಕೊಟ್ಟು, ಏನೋ ಹೊತ್ತು ಹೋಗಲೆಂದು ಕೇಳಿದವಳ ಹಾಗೆ ಕೇಳಿದಳು: "ಈ ಹಳದಿ ಸಾದಾ ಕಡ್ಡಿ ಇನ್ನೊಂದು ಕಟ್ಟು ಬೇಕಾಗಬಹುದು. ಇದೆಯಾ?"

"ಸಾದಾ ಬಿಳಿ ಅಲ್ವಾ ಅಕ್ಕ" ಎಂದ ಅವನು, ಲೋಟ ಕೆಳಗಿಡದೆ. "ಹಳದಿ ಅಂದ್ರೆ ಗಂಡು ಬೀಜ. ಹೆಣ್ಣು ಬೀಜ ಗಂಡಿಗಿಂತ ಒಂದು ಕೂದಲೆಳೆಯಷ್ಟು ತೂಕ ಜಾಸ್ತಿ ಇರುತ್ತೆ. ಬಣ್ಣ ಹಾಕಿ, ಬೆಳಕಿನ ಮುಂದೆ ಒಂದೊಂದಾಗಿ ಓಡಿಸಿ, ಅದನ್ನ ಈ ಕಡೆ ಇದನ್ನ ಆ ಕಡೆ ಮಾಡ್ತಾರೆ. ಹತ್ತಕ್ಕೆ ಒಂಬತ್ತು ಹೇಳಿದ ಹಾಗೇ ಆಗುತ್ತೆ. ಗುಲಾಬಿಗೆ ಜನ ಬಡಿದಾಡ್ತಾರೆ, ಹಳದಿ ಕೇಳೋರೇ ಇಲ್ಲ. ನಿಮ್ಮಣ್ಣ ಒಬ್ಬರೇ ಒಂದು ಕಟ್ಟು ಪೂರ್ತಿ ತಗೊಂಡಿದ್ದು. ಯಾಕೆ ಅಂತ ನಾನೂ ಕೇಳ್ದೆ. ಒಂದು ಹಸು ಇದೆ, ಅದಕ್ಕೆ ಬೇಕು ಅಂದ್ರು."

ತಂಗಿ ಡಬ್ಬಕ್ಕೆ ಮುಚ್ಚಳ ಹಾಕಿದಳು. ಅವನು ಹೋದ ಮೇಲೆ ಕೊಟ್ಟಿಗೆಗೆ ಹೋಗಿ ಅಪ್ಪನ ಹಸುವಿನ ಪಕ್ಕ ಕೂತಳು. ನಾಲ್ಕು ಸಲ. ನಾಲ್ಕು ಸಲವೂ ತನ್ನ ಕೈಯಿಂದಲೇ. ಭುಜದವರೆಗೆ ಕೈಗವಸು ಹಾಕಿಕೊಂಡು, ಈ ಸಲವಾದರೂ ಹೆಣ್ಣಾಗಲಿ ತಾಯಿ ಎಂದು ಬೇಡಿಕೊಳ್ಳುತ್ತಾ, ತನ್ನ ಕುತ್ತಿಗೆಯನ್ನು ತಾನೇ ಕೊಯ್ದುಕೊಂಡಿದ್ದಳು. ಚೂರಿ ಕೊಟ್ಟವನು ಬಾಗಿಲಲ್ಲಿ ನಿಂತು ಹಣೆಬರಹ ಅನ್ನುತ್ತಿದ್ದ.

ಅಣ್ಣನಿಗೆ ಏನು ಲಾಭ ಎಂದು ಕೇಳಬೇಡಿ. ಒಂದು ಒಳ್ಳೆಯ ಹೆಣ್ಣು ಕರು ಅವಳ ಪಾಲಿಗೆ ಬಂದಿದ್ದರೆ ಅವಳು ರಸ್ತೆಯ ಆಚೆ ತುದಿಗೆ ಹೋಗಿಬಿಡುತ್ತಿದ್ದಳು. ಆಮೇಲೆ ಆ ಏಳು ಹಸುಗಳ ಸಗಣಿ ಯಾರು ಬಾಚಬೇಕು? ಹೊರಗಿನಿಂದ ಆಳು ತಂದರೆ ಆಳು ಸಂಬಳ ಕೇಳುತ್ತಾನೆ, ರಜ ಕೇಳುತ್ತಾನೆ, ಎದುರು ಮಾತಾಡುತ್ತಾನೆ. ತಂಗಿ ಕೇಳುವುದಿಲ್ಲ. ಇಷ್ಟೇ ವಿಷಯ. ಇಷ್ಟಕ್ಕೆ ಸತ್ತ ಅಪ್ಪನ ಮಾತನ್ನು ಒಂದು ಕಟ್ಟು ಕಡ್ಡಿಯಲ್ಲಿ ಮುರಿದಿದ್ದ.

ಹೋಗಿ ಮುಖದ ಮೇಲೆ ಕೇಳಿಬಿಡೋಣ ಅಂತ ಒಂದು ದಿನ ಅನ್ನಿಸಿತು. ಕೇಳಿದರೆ ಏನಾಗುತ್ತಿತ್ತು? ಕಂಪನಿಯವನು ತಪ್ಪು ಕಡ್ಡಿ ಕೊಟ್ಟ ಅನ್ನುತ್ತಿದ್ದ, ಅಯ್ಯೋ ನಂಗೇನು ಗೊತ್ತಿತ್ತು ಅನ್ನುತ್ತಿದ್ದ, ಅಮ್ಮ ನಂಬುತ್ತಿದ್ದಳು. ತಂಗಿ ಬಾಯಿ ಮುಚ್ಚಿಕೊಂಡಳು. ಮುಚ್ಚಿದ ಬಾಯಿಯೊಳಗೆ ಸಿಟ್ಟು ಹೆಪ್ಪುಗಟ್ಟಿತು. ಅದನ್ನು ಕರಗಿಸುವ ಹೊತ್ತು ಯಾವುದೆಂದು ಅವಳಿಗೆ ಬೇಗನೇ ಗೊತ್ತಾಯಿತು.

ಅಣ್ಣನಿಗೆ ಆಗ ದೊಡ್ಡಸ್ತಿಕೆಯ ಹುಚ್ಚು ಹತ್ತಿತ್ತು. ಎಂಟೂ ಹಸುಗಳಿಗೆ ಒಟ್ಟಿಗೆ ಬೆದೆ ಬರಿಸುವ ಇಂಜೆಕ್ಷನ್ ಚುಚ್ಚಿಸಿ, ಒಂದೇ ದಿನ ಕಡ್ಡಿ ಹಾಕಿಸಿ, ಒಂದೇ ವಾರದಲ್ಲಿ ಏಳು ಹೆಣ್ಣು ಕರು ಇಳಿಸುತ್ತೇನೆ ಎಂದು ಕಂಡಕಂಡವರಿಗೆಲ್ಲ ಹೇಳಿದ. ಕೊಟ್ಟಿಗೆಯ ಪಕ್ಕ ಕರುಗಳಿಗೇ ಒಂದು ಹೊಸ ಶೆಡ್ಡು ಕಟ್ಟಿಸಿದ. ಗಿಡ್ಡ ಗೋದಲಿಗಳು, ನುಣ್ಣನೆಯ ನೆಲ, ಗೋಡೆಗೆ ನೀಲಿ ಬಣ್ಣ. ಮದುವೆ ಛತ್ರ ಇದ್ದ ಹಾಗಿತ್ತು. "ಎರಡು ವರ್ಷ ಕಳೀಲಿ, ಈ ರಸ್ತೆಗೆಲ್ಲ ಹಾಲು ನಂದೇ" ಎಂದ. ತಂಗಿ ಹೂಂ ಎಂದಳು.

ಕಡ್ಡಿ ಹಾಕುವ ದಿನ ಬೆಳಿಗ್ಗೆ ಎಂಟೂ ಹಸುಗಳು ಬೆದೆಯಲ್ಲಿ ಕೂಗುತ್ತಿದ್ದವು. ಅಣ್ಣ ಹಾಲಿನ ಕೋಣೆಯ ಹೊಸ್ತಿಲಲ್ಲಿ ಫೋನು ಹಿಡಿದು ನಿಂತಿದ್ದ. ಗ್ಯಾಸಿನ ಹೊಗೆ ಎಂದರೆ ಅವನಿಗೆ ಹೆದರಿಕೆ, ಒಮ್ಮೆ ಬೆರಳು ಸುಟ್ಟುಕೊಂಡಿದ್ದ. "ನಮ್ಮವಕ್ಕೆ ಗುಲಾಬಿ. ಅಪ್ಪನ ಹಸುವಿಗೆ ಸಾದಾ. ಗೊತ್ತಲ್ಲ?" ಎಂದ.

"ಗೊತ್ತು" ಎಂದಳು ತಂಗಿ.

ಅವಳು ಮಾಡಿದ್ದು ಬಹಳ ಸಣ್ಣ ಕೆಲಸ. ಅವನು ಹೇಳಿದ್ದನ್ನು ತಿರುಗಿಸಿದಳು, ಅಷ್ಟೇ. ಡಬ್ಬದಿಂದ ಏಳು ಗುಲಾಬಿ ಎತ್ತಿ, ತನ್ನ ಏಪ್ರನ್ನಿನ ಜೇಬಿಗೆ ಇಳಿಸಿದಳು. ಬಟ್ಟೆಯ ಮೂಲಕ ತೊಡೆಗೆ ಸೂಜಿ ಚುಚ್ಚಿದ ಹಾಗೆ ತಣ್ಣಗೆ, ಆಮೇಲೆ ಅದೂ ಇಲ್ಲ. ಮೈಶಾಖಕ್ಕೆ ಒಂದಿಷ್ಟು ಹೊತ್ತಿನಲ್ಲೇ ಸತ್ತವು. ನೀರಿನ ಚೊಂಬಿನ ಮೇಲೆ ಬಟ್ಟೆ ಮುಚ್ಚಿ ಹಳದಿ ಕರಗಿಸಿದಳು. ಒಂದೊಂದು ಹಸುವಿನ ಹಿಂದೆ ನಿಂತು, ತಾಳ್ಮೆಯಿಂದ, ಒಂದನ್ನೂ ಹಾಳುಮಾಡದೆ ಹಾಕಿದಳು. ಇಷ್ಟು ಶ್ರದ್ಧೆಯಿಂದ ಅವಳು ಅಣ್ಣನ ಕೆಲಸ ಹಿಂದೆಂದೂ ಮಾಡಿರಲಿಲ್ಲ. ಕೊನೆಗೆ ಅಪ್ಪನ ಹಸು. ಡಬ್ಬದಿಂದ ಆಗ ತಾನೇ ಎತ್ತಿ ಕರಗಿಸಿದ ಒಂದು ಗುಲಾಬಿ ಅದಕ್ಕೆ. ನಳಿಗೆ ಎಳೆದ ಮೇಲೂ ಸ್ವಲ್ಪ ಹೊತ್ತು ಹಸುವಿನ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಆಯ್ತಾ?" ಅಣ್ಣ ಕೂಗಿದ.

"ಆಯ್ತು."

ಏಳರಲ್ಲಿ ಐದು ಗಬ್ಬ ಹಿಡಿದವು. ಅಪ್ಪನ ಹಸುವೂ ಹಿಡಿಯಿತು. ಆ ಒಂಬತ್ತು ತಿಂಗಳು ತಂಗಿ ಬದುಕಿದ ಹಾಗೆ ಯಾರೂ ಬದುಕಿರಲಿಕ್ಕಿಲ್ಲ. ಅಣ್ಣ ಬೈದರೆ ನಗು ಬರುತ್ತಿತ್ತು. ತಾಳಿದವನು ಬಾಳಿಯಾನು ಎಂದು ಅಮ್ಮ ಹೇಳಿದರೆ ಹೌದಮ್ಮ ಅನ್ನುತ್ತಿದ್ದಳು. ಹೊಸ ಶೆಡ್ಡನ್ನು ದಿನಾ ಗುಡಿಸುತ್ತಿದ್ದಳು. ತಪ್ಪು ಮಾಡಿದೆನೇ ಎಂದು ತನ್ನನ್ನು ತಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಒಂದೇ ಹೆದರಿಕೆ, ಹತ್ತರಲ್ಲಿ ತಪ್ಪುವ ಆ ಒಂದು ತನ್ನದೇ ಆಗಿಬಿಟ್ಟರೆ?

ಮೊದಲು ಅಣ್ಣನ ಕಪ್ಪು ಹಸು ಈಯಿತು. ಗಂಡು. "ಹತ್ತರಲ್ಲಿ ಒಂದು ತಪ್ಪುತ್ತೆ, ಗೊತ್ತಿದ್ದಿದ್ದೇ" ಎಂದ ಅಣ್ಣ. ಮಾರನೆಯ ದಿನ ಇನ್ನೊಂದು, ಅದೂ ಗಂಡು. ಮೂರನೆಯದು ಅಪ್ಪನ ಹಸು. ತಂಗಿ ಕರುವಿನ ಮೂಗು ಒರೆಸಿದಳು, ಪಕ್ಕೆ ಉಜ್ಜಿದಳು, ಹಿಂಗಾಲು ಎತ್ತಲು ಕೈಗೆ ಧೈರ್ಯ ಬರಲಿಲ್ಲ. ಅಮ್ಮನೇ ಬಗ್ಗಿ ನೋಡಿ, "ಹೆಣ್ಣು ಕಣೇ" ಎಂದಳು. ತಂಗಿ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತು ಅತ್ತಳು. ಬಾಗಿಲಲ್ಲಿ ಅಣ್ಣ ಇರಲಿಲ್ಲ.

ಆಮೇಲೆ ಮೂರು. ಮೂರೂ ಗಂಡು.

ಐದನೆಯ ಹೋರಿ ಕರು ಹುಟ್ಟಿ ಎರಡು ದಿನಕ್ಕೆ ದಲ್ಲಾಳಿ ವ್ಯಾನು ತಂದ. ಗಂಡು ಕರುವಿಗೆ ಹಾಲು ಕುಡಿಸಿ ಸಾಕುವ ಡೇರಿ ಎಲ್ಲಿದೆ? ಐದನ್ನೂ ಒಟ್ಟಿಗೆ ಸಾಗಿಸಲು ಅಣ್ಣನೇ ಕರೆಸಿದ್ದ. ಅಮ್ಮ ಜಗಲಿಯ ಮೇಲೆ ಕೂತಿದ್ದಳು. ಹಾಲಿನ ಕೋಣೆಯಿಂದ ಅಣ್ಣ ಹೊರಗೆ ಬಂದ; ಡಬ್ಬದ ಮುಚ್ಚಳ ಕೈಯಲ್ಲೇ ಇತ್ತು. ಹಳದಿ ಎಷ್ಟು ಉಳಿದಿದೆ ಎಂದು ನೋಡಿ ಬಂದಿದ್ದ.

"ಅವತ್ತು ಯಾವ ಕಡ್ಡಿ ಹಾಕಿದೆ ನೀನು?" ಎಂದ.

ಇದೇ ಪ್ರಶ್ನೆಗೆ ತಂಗಿ ಒಂಬತ್ತು ತಿಂಗಳು ಕಾದಿದ್ದಳು. ಉತ್ತರವನ್ನು ಸಗಣಿ ಬಾಚುವಾಗ, ಕ್ಯಾನು ಉಜ್ಜುವಾಗ, ಮಲಗುವಾಗ ಹೇಳಿ ಹೇಳಿ ನುಣ್ಣಗೆ ಮಾಡಿಟ್ಟುಕೊಂಡಿದ್ದಳು.

"ಹಳದಿ ಅಣ್ಣ. ಗುಲಾಬಿ ಕೈಜಾರಿ ಬಿದ್ದು ಹಾಳಾದ್ವು. ನೀನು ಬೈತೀಯ ಅಂತ ಹೆದರಿ ನಿನ್ನ ಏಳಕ್ಕೂ ಸಾದಾ ಹಾಕ್ದೆ. ಒಂದು ಗುಲಾಬಿ ನೆಟ್ಟಗಿತ್ತು, ಅದನ್ನ ಅಪ್ಪನ ಹಸುವಿಗೆ ಹಾಕ್ದೆ."

"ಏಳಕ್ಕೂ ಹಳದಿ ಹಾಕಿದ್ಯಾ?"

"ಯಾಕೆ, ಸಾದಾ ತಾನೇ? ಹೆಣ್ಣೂ ಆಗಬಹುದು, ಗಂಡೂ ಆಗಬಹುದು. ನೀನೇ ಹೇಳಿಕೊಟ್ಟಿದ್ದು."

"ಸಾದಾ ಎಲ್ಲಿದೆ, ಅದು..." ಎಂದವನು ಅಲ್ಲಿಗೇ ನಿಂತ.

"ಅದು ಏನು?" ಜಗಲಿಯಿಂದ ಅಮ್ಮ ಕೇಳಿದಳು.

ಅಣ್ಣನ ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹಳದಿ ಗಂಡು ಕಡ್ಡಿ ಎಂದು ಬಾಯಿಬಿಟ್ಟರೆ ಅಪ್ಪನ ಹಸುವಿನ ನಾಲ್ಕು ಕರುಗಳ ಕಥೆಯನ್ನೂ ಹೇಳಬೇಕು. ಅವನ ಮುಖ ಕೆಂಪಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ತಂಗಿ ಆ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದಳು. ಎಷ್ಟು ವರ್ಷದ ಹಸಿವೋ, ತುತ್ತು ತುತ್ತಾಗಿ ತಿಂದಳು. ರುಚಿಯಾಗಿತ್ತು.

"ಏನೂ ಇಲ್ಲ" ಎಂದ ಅಣ್ಣ.

"ಹಂಗಾದ್ರೆ ಹಣೆಬರಹ ಅಣ್ಣ. ಏನು ಮಾಡೋಕಾಗುತ್ತೆ" ಎಂದಳು ತಂಗಿ.

ದಲ್ಲಾಳಿ ವ್ಯಾನಿನ ಬಾಗಿಲು ಬಿಚ್ಚುತ್ತಿದ್ದವನು ಹಾಗೇ ನಿಂತಿದ್ದ. "ಸಾದಾ ಹಾಕಿದ್ರೆ ಐದಕ್ಕೆ ಐದೂ ಹೋರಿ ಹೆಂಗಪ್ಪ ಆಗ್ತವೆ?" ಎಂದು ಗೊಣಗಿದ. ಅಮ್ಮ ಅವನ ಮುಖ ನೋಡಿದಳು, ಮಗನ ಕೈಯಲ್ಲಿದ್ದ ಮುಚ್ಚಳ ನೋಡಿದಳು. ಜಗಲಿಯ ಕಂಬ ಹಿಡಿದುಕೊಂಡು ನಿಧಾನವಾಗಿ ಎದ್ದಳು.

"ಅಪ್ಪನ ಹಸುವಿಗೂ ಅದನ್ನೇ ಹಾಕಿಸ್ತಿದ್ದೆ ನೀನು. ನಾಲ್ಕು ಸಲ" ಎಂದಳು. "ನಾಲ್ಕೂ ಗಂಡೇ ಆಗಿದ್ವು. ನಾನೂ ನಿನ್ನ ಮಾತು ಕೇಳ್ಕೊಂಡು ಇವಳ ಹಣೆಬರಹ ಅಂತ ಸುಮ್ಮನಿದ್ದೆ." ಅಣ್ಣ ನೆಲ ನೋಡುತ್ತಿದ್ದ. "ಮಾಡಿದ್ದುಣ್ಣೋ ಮಹಾರಾಯ" ಎಂದು ಹೇಳಿ ಅಮ್ಮ ಒಳಗೆ ಹೋದಳು. ಅಣ್ಣ ಮುಚ್ಚಳ ಹಿಡಿದುಕೊಂಡೇ ಹಾಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ತಂಗಿಯ ಬಟ್ಟೆಯ ಗಂಟು ಮುಂಚೆಯೇ ಸಿದ್ಧವಾಗಿತ್ತು. ಹೆಣ್ಣು ಕರುವಿನ ಕೊರಳಿಗೆ ಹೊಸ ಹಗ್ಗ ಹಾಕಿ ಗೇಟಿನ ಕಂಬಕ್ಕೆ ಕಟ್ಟಿದಳು. ಟೀಚರಮ್ಮನ ಹಸುಗಳಿಗೆ ಹಾಲಿದೆ, ಕರು ಹಸಿದಿರಬೇಕಾಗಿಲ್ಲ.

ದಲ್ಲಾಳಿ ನೀಲಿ ಗೋಡೆಯ ಶೆಡ್ಡಿನಿಂದ ಕರುಗಳನ್ನು ಹೊರಗೆ ಎಳೆಯಲು ಒದ್ದಾಡುತ್ತಿದ್ದ. ಹಗ್ಗ ಎಳೆದರೆ ನಾಲ್ಕು ಕಾಲೂರಿ ನಿಲ್ಲುತ್ತಿದ್ದವು, ಹಿಂದಿನಿಂದ ನೂಕಿದರೆ ಮಲಗಿಬಿಡುತ್ತಿದ್ದವು. "ಅಕ್ಕ, ಹೋಗೋ ಮುಂಚೆ ಇದೊಂದು ಮಾಡಿಕೊಡು. ನಿನ್ನ ಮಾತು ಕೇಳ್ತವೆ ಇವು" ಎಂದ.

ಮಾತು ಕೇಳುವುದೇನಲ್ಲ. ತಾಯಿಯಿಂದ ಬೇರೆ ಮಾಡಿದ ಕರುವಿಗೆ ಬಕೆಟ್ಟಿನ ಹಾಲು ಕಲಿಸುವುದು ಹಾಗೆಯೇ. ಹಾಲಿನಲ್ಲಿ ಬೆರಳು ಅದ್ದಿ ಚೀಪಿಸಬೇಕು, ಚೀಪುತ್ತಾ ಚೀಪುತ್ತಾ ಮೂತಿ ಬಕೆಟ್ಟಿಗೆ ಇಳಿಯಬೇಕು. ಐದಕ್ಕೂ ಅವಳೇ ಕಲಿಸಿದ್ದು. ಆ ಬೆರಳು ಎಲ್ಲಿ ಹೋದರೆ ಅಲ್ಲಿಗೆ ಹೋಗುತ್ತವೆ. ತಂಗಿ ಗಂಟು ಕೆಳಗಿಟ್ಟು ಶೆಡ್ಡಿನೊಳಗೆ ಹೋದಳು. ಮೊದಲನೆಯ ಕರುವಿನ ಬಾಯಿಗೆ ಎರಡು ಬೆರಳು ಕೊಟ್ಟು, ಹಿಮ್ಮುಖವಾಗಿ ಹೆಜ್ಜೆ ಇಡುತ್ತಾ ಅಂಗಳ ದಾಟಿಸಿ, ಹಲಗೆ ಹತ್ತಿಸಿ, ವ್ಯಾನಿನೊಳಗೆ ಬಿಟ್ಟು ಬಂದಳು. ಎರಡನೆಯದನ್ನು. ಮೂರನೆಯದನ್ನು. ನಾಲ್ಕನೆಯದು ಬೆರಳು ಸಿಕ್ಕಿದ್ದೇ ಬಾಲ ಅಲ್ಲಾಡಿಸಿತು.

ಕೊನೆಯದು ಎರಡು ದಿನದ್ದು, ಇನ್ನೂ ಕಾಲು ಸರಿಯಾಗಿ ನಿಲ್ಲದ್ದು. ಹಲಗೆಯ ನಡುವೆ ನಿಂತು, ಕಣ್ಣು ಮುಚ್ಚಿಕೊಂಡು, ಇಲ್ಲದ ಹಾಲನ್ನು ಬೆರಳಿನಿಂದ ಎಳೆಯಿತು. ತಂಗಿ ಅವಸರ ಮಾಡಲಿಲ್ಲ. ಒಳಗೆ ತಲುಪಿದ ಮೇಲೆ ಬೆರಳು ಬಿಡಿಸಿಕೊಳ್ಳಲು ಅದರ ದವಡೆಯ ಮೂಲೆಗೆ ಹೆಬ್ಬೆರಳು ಒತ್ತಬೇಕಾಯಿತು.

ದಲ್ಲಾಳಿ ಬಾಗಿಲು ಹಾಕಿ ಚಿಲಕ ಜಡಿದ. ವ್ಯಾನು ಗೇಟು ದಾಟಿ, ಟೀಚರಮ್ಮನ ಮನೆಯ ಕಡೆಗೇ ತಿರುಗಿ, ಆಚೆ ಹೋಯಿತು. ತಂಗಿ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕಂಬದಿಂದ ಹಗ್ಗ ಬಿಚ್ಚಿದಳು. ಬೆರಳುಗಳ ಮೇಲೆ ಆ ಕರುಗಳ ಜೊಲ್ಲು ಇನ್ನೂ ಆರಿರಲಿಲ್ಲ. ಹೆಣ್ಣು ಕರು ಹಗ್ಗ ಹಿಡಿದ ಆ ಕೈಯನ್ನು ಮೂಸಿತು, ಒದ್ದೆ ಬೆರಳುಗಳನ್ನು ಹುಡುಕಿ ಬಾಯಿಗೆ ಹಾಕಿಕೊಂಡಿತು. ಅವಳು ಕೈ ಹಿಂದಕ್ಕೆ ಎಳೆದುಕೊಂಡು, ಏಪ್ರನ್ನಿಗೆ ಒರೆಸಿ, ಇನ್ನೊಂದು ಕೈಯನ್ನು ಕೊಟ್ಟಳು.